ಉಚಿತ ವಿದ್ಯೆ ಯಾರ ಮನೆ ಮುಟ್ಟಿತು?



ಕಳೆದ ಸಾರಿಯ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ನಡೆದ ಒಂದು ಪ್ರಸಂಗದಿಂದಲೇ ಈ ಲೇಖನವನ್ನು ಪ್ರಾರಂಭಿಸಬೇಕಾಗಿದೆ. ಶ್ರೀಮಠದ ಉಚಿತ ಪ್ರಸಾದ ನಿಲಯದಲ್ಲಿ ಏಳು ವರ್ಷ ಇದ್ದು ಓದಿ, ಇಂದು ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಸಜ್ಜನರೊಬ್ಬರು ವೇದಿಕೆಯ ಮೇಲಿಂದ ಒಂದು ಸೂಚನೆಯನ್ನು ಮುಂದಿಟ್ಟರು. ಸುತ್ತಲಿನ ಹಳ್ಳಿಗಳ ಮಕ್ಕಳಿಗಾಗಿ ಪ್ರತಿ ಸಂಜೆ ಮಠದಲ್ಲಿ ನಡೆಯುವ ಪಾಠವನ್ನು ಇನ್ನು ನಿಲ್ಲಿಸಬಹುದು. ಅದಕ್ಕೆ ತಗಲುವ ವೆಚ್ಚದಲ್ಲಿ ಮಕ್ಕಳಿಗೆಲ್ಲ ಟ್ಯಾಬುಗಳನ್ನು ಕೊಡಿಸಬಹುದು. ಒಂದನೆಯ ಇಯತ್ತೆಯಿಂದ ಪದವಿಯವರೆಗಿನ ಪಾಠಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತಿರುವಾಗ ಮಗು ತನ್ನ ಮನೆಯಲ್ಲಿಯೇ ಕುಳಿತು ಕಲಿಯಬಲ್ಲದು ಎಂಬುದು ಅವರ ವಾದ. ಸಭೆ ಚಪ್ಪಾಳೆ ತಟ್ಟಿತು. ನಾವು ಅಂದಿನ ಆಶೀರ್ವಚನದಲ್ಲಿ ಇದಕ್ಕೆ ಉತ್ತರ ಕೊಡಲಿಲ್ಲ. ದೂರದಿಂದ ಬಂದವರ ಮನಸ್ಸು ನೋಯಬಾರದೆಂಬ ದಾಕ್ಷಿಣ್ಯ ಅಡ್ಡ ಬಂದಿತು. ಆ ದಾಕ್ಷಿಣ್ಯ ತಪ್ಪಾಯಿತೆಂದು ಆಮೇಲೆ ತಿಳಿಯಿತು. ಏಕೆಂದರೆ ಅದೇ ಸೂಚನೆ ಈಗ ನಾಲ್ಕಾರು ಪತ್ರಗಳ ರೂಪದಲ್ಲಿ ನಮ್ಮ ಮುಂದೆ ಬಂದಿದೆ. ಆದುದರಿಂದ ನಮ್ಮ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇವೆ.

ಮೊದಲಿಗೇ ಒಂದು ಮಾತು ಸ್ಪಷ್ಟವಾಗಿರಲಿ. ನಾವು ಯಂತ್ರದ್ವೇಷಿಗಳಲ್ಲ. ನಾವು ಇದೇ ಮಠದಲ್ಲಿ ಓದುತ್ತಿದ್ದ 1980ರ ದಶಕದಲ್ಲಿ ಒಂದು ಗಣಿತದ ಪುಸ್ತಕಕ್ಕೆ ಮೂವರು ಒಡೆಯರು. ಒಬ್ಬನು ಬೆಳಗಿನ ಜಾವ ಓದಬೇಕು, ಇನ್ನೊಬ್ಬನು ಪ್ರಸಾದದ ತರುವಾಯ, ಮೂರನೆಯವನು ಮಲಗುವ ಮುನ್ನ. ಮುಂದೆ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಓದುವಾಗ ಒಂದೇ ಒಂದು ಗ್ರಂಥಕ್ಕಾಗಿ ವಾರಗಟ್ಟಲೆ ಸರದಿ ಕಾದಿದ್ದೇವೆ. ಪುಸ್ತಕದ ಹಸಿವು ಎಂಥದೆಂದು ಬಲ್ಲ ನಮಗೆ ಇಂದಿನ ಸಮೃದ್ಧಿಯನ್ನು ಕಂಡು ಸಂತೋಷವಾಗದೆ ಇದ್ದೀತೆ?

ಆ ಸಮೃದ್ಧಿಯನ್ನು ಇಲ್ಲಗಳೆಯುವುದು ಅಪ್ರಾಮಾಣಿಕತನ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಶಾಲೆಯ ಪಠ್ಯಪುಸ್ತಕಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 2017ರ ಶಿಕ್ಷಕರ ದಿನದಂದು ಕೇಂದ್ರ ಸರಕಾರ ಆರಂಭಿಸಿದ 'ದೀಕ್ಷಾ' ಎಂಬ ವ್ಯವಸ್ಥೆಯಿಂದಾಗಿ, ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾಗಿರುವ ಚೌಕಾಕಾರದ ಕ್ಯೂಆರ್ ಸಂಕೇತಕ್ಕೆ ಫೋನನ್ನು ಹಿಡಿದರೆ ಆ ಪಾಠಕ್ಕೆ ಸಂಬಂಧಿಸಿದ ದೃಶ್ಯವೋ ಅಭ್ಯಾಸವೋ ತೆರೆದುಕೊಳ್ಳುತ್ತದೆ. ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ತೆರೆದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡವೂ ಸೇರಿ ಅನೇಕ ಭಾಷೆಗಳ ಸಚಿತ್ರ ಮಕ್ಕಳ ಕಥೆಗಳಿವೆ. ಕಾನಪುರದ ಐ.ಐ.ಟಿ.ಯಲ್ಲಿ ಕಲಿತ ಅರವಿಂದ ಗುಪ್ತಾ ಅವರು ಬಿಸಾಡಿದ ಬಾಟಲಿ, ಸೈಕಲ್ಲಿನ ಕೊಳವೆ, ಬೆಂಕಿಕಡ್ಡಿಗಳಿಂದ ವಿಜ್ಞಾನದ ಆಟಿಕೆ ಮಾಡುವ ಬಗೆಯನ್ನು ಜಗತ್ತಿಗೆಲ್ಲ ಉಚಿತವಾಗಿ ತೋರಿಸಿಕೊಟ್ಟಿದ್ದಾರೆ. ಖಾನ್ ಅಕಾಡೆಮಿಯ ಗಣಿತದ ಪಾಠಗಳು ಕನ್ನಡಕ್ಕೂ ಬಂದಿವೆ. ಕನ್ನಡ ವಿಕಿಪೀಡಿಯ 2003ರಿಂದ ಬೆಳೆಯುತ್ತಿದೆ. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು 2014ರಲ್ಲಿ ಸಾರ್ವಜನಿಕರ ಮುಕ್ತ ಬಳಕೆಗೆ ಬಿಟ್ಟುಕೊಟ್ಟಿತು. 'ವಚನ ಸಂಚಯ' ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳನ್ನು ಪದ ಹಿಡಿದು ಹುಡುಕಬಹುದು. ಇದೇ ಕೆಲಸಕ್ಕೆ ನಮ್ಮ ಗುರುಗಳು ಆಯುಷ್ಯದ ಬಹುಭಾಗವನ್ನು ವ್ಯಯಿಸಿದ್ದರು. ಇವುಗಳಲ್ಲಿ ಯಾವುದಕ್ಕೂ ಕಾಸು ಕೊಡಬೇಕಾಗಿಲ್ಲ.

ಇಷ್ಟೆಲ್ಲ ಇರುವಾಗ ಮಠದ ಸಂಜೆಯ ಪಾಠ ಏಕೆ ಬೇಕು? ಇದಕ್ಕೆ ಉತ್ತರವನ್ನು ಹಳೆಯ ವಿದ್ಯಾರ್ಥಿಗಳೇ ತಮ್ಮ ನೆನಪಿನಿಂದ ಹೇಳಬಲ್ಲರು. ನೀವೆಲ್ಲ ಮಠದ ದಾಸೋಹದಲ್ಲಿ ಉಂಡವರು. ಉಗ್ರಾಣದಲ್ಲಿ ಜೋಳ, ಬೇಳೆ, ಬೆಲ್ಲ ತುಂಬಿಟ್ಟು, ಬಾಗಿಲು ತೆರೆದು, 'ಎಲ್ಲವೂ ಉಚಿತ, ಬೇಕಾದವರು ಒಳಗೆ ಹೋಗಿರಿ' ಎಂದು ಫಲಕ ಬರೆದು ಹಾಕಿದರೆ ಅದು ದಾಸೋಹವಾಗುತ್ತಿತ್ತೆ? ಹಿಟ್ಟು ನಾದಬೇಕು, ರೊಟ್ಟಿ ಬೇಯಿಸಬೇಕು, ಮಕ್ಕಳನ್ನು ಪಂಕ್ತಿಯಲ್ಲಿ ಕೂರಿಸಬೇಕು, ಬಡಿಸಬೇಕು. ಪಂಕ್ತಿಯ ಕೊನೆಯಲ್ಲಿ ಸಂಕೋಚದಿಂದ ತಲೆ ತಗ್ಗಿಸಿ ಕುಳಿತ ಹುಡುಗನ ಬಳಿ ನಿಂತು, 'ಇನ್ನೊಂದು ಹಾಕಲೇನಪ್ಪಾ' ಎಂದು ಕೇಳಬೇಕು. ಹಾಗೆ ಕೇಳಿದ್ದರಿಂದಲ್ಲವೆ ನೀವು ಹೊಟ್ಟೆ ತುಂಬ ಉಂಡದ್ದು? ಅಂತರಜಾಲದಲ್ಲಿ ಇಂದು ಕಟ್ಟಿರುವುದು ಬಹು ದೊಡ್ಡ ಉಗ್ರಾಣ. ಕಟ್ಟಿದವರಿಗೆ ನಮಸ್ಕಾರ. ಆದರೆ ಉಗ್ರಾಣದ ಬಾಗಿಲು ತೆರೆದುದನ್ನೇ ಉಣಬಡಿಸಿದಂತಾಯಿತೆಂದು ಹೇಳುವವರ ಮಾತನ್ನು ನಾವು ಒಪ್ಪುವುದಿಲ್ಲ.

'ಉಚಿತ' ಎಂಬ ಶಬ್ದವನ್ನೇ ಸ್ವಲ್ಪ ವಿಚಾರಿಸೋಣ. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವನ್ನು ವಿಧಿಸುವಾಗ, ಶುಲ್ಕವಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಮಗು ತನ್ನ ಓದನ್ನು ನಡೆಸಿ ಪೂರೈಸಲು ಅಡ್ಡಿಯಾಗಬಹುದಾದ ಯಾವ ಖರ್ಚನ್ನೂ ಅದರ ಮೇಲೆ ಹೊರಿಸಲಾಗದು ಎಂಬುದು ಆ ಕಾಯಿದೆಯ ತಾತ್ಪರ್ಯ. ಈ ಅಳತೆಗೋಲಿನಿಂದ ನೋಡಿರಿ. ಪಾಠ ಉಚಿತ, ಫೋನು ಉಚಿತವಲ್ಲ. ಫೋನಿಗೆ ತುಂಬಿಸುವ ಡೇಟಾ ಉಚಿತವಲ್ಲ. ಒಂದೇ ಕೋಣೆಯ ಮನೆಯಲ್ಲಿ ಸದ್ದಿಲ್ಲದ ಒಂದು ಮೂಲೆ ಉಚಿತವಲ್ಲ. ದಿನವೆಲ್ಲ ಕೂಲಿ ಮಾಡಿ ಬಂದ ತಾಯಿಯ ಬಿಡುವು ಎಲ್ಲಕ್ಕಿಂತ ದುಬಾರಿ. ಬೆಂಗಳೂರಿನ ಮನೆಯಲ್ಲಿ ಇವೆಲ್ಲ ಮೊದಲೇ ಇವೆ. ಆದುದರಿಂದ ಅಲ್ಲಿ ಪಾಠವೊಂದು ಉಚಿತವಾದರೆ ಎಲ್ಲವೂ ಉಚಿತವಾದಂತೆ ಕಾಣುತ್ತದೆ. ಇರುವವರ ಮನೆಗೆ ಬೇಗ ಮುಟ್ಟುವ ಉಚಿತವು ಇಲ್ಲದವರನ್ನು ಇನ್ನೂ ಹಿಂದೆ ಬಿಡುತ್ತದೆಂಬುದನ್ನು ನಮ್ಮ ವಿದ್ಯಾವಂತರು ಗಮನಿಸುವುದೇ ಇಲ್ಲ.

ಇದು ಬರಿಯ ಊಹೆಯಲ್ಲ. ಕೊರೋನಾ ವ್ಯಾಧಿಯ ಕಾಲದಲ್ಲಿ ದೇಶವೇ ಈ ಪ್ರಯೋಗವನ್ನು ಮಾಡಿ ನೋಡಿದೆ. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ಮಕ್ಕಳೆಲ್ಲ ಮನೆಯಲ್ಲಿಯೇ ಕಲಿಯುವಂತಾಯಿತು. ಗ್ರಾಮೀಣ ಶಿಕ್ಷಣದ ಸ್ಥಿತಿಯನ್ನು ಅಳೆಯುವ 'ಅಸರ್' ಸಮೀಕ್ಷೆಯ ಪ್ರಕಾರ, ಶಾಲೆಗೆ ಸೇರಿದ ಗ್ರಾಮೀಣ ಮಕ್ಕಳಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ನೂರಕ್ಕೆ 36.5, 2020ರಲ್ಲಿ ಅದು 61.8ಕ್ಕೆ ಏರಿತು. ಎರಡೇ ವರ್ಷಗಳಲ್ಲಿ ಇಷ್ಟು ಏರಿಕೆ! ಬಡವರು ಸಾಲ ಮಾಡಿಯಾದರೂ ಫೋನು ಕೊಂಡರು. ಆದರೆ 2021ರ ಸಮೀಕ್ಷೆ ಇನ್ನೊಂದು ಮಾತನ್ನು ಹೇಳಿತು: ಮನೆಯಲ್ಲಿ ಫೋನು ಇದ್ದರೂ ಸುಮಾರು ಕಾಲುಭಾಗದಷ್ಟು ಮಕ್ಕಳಿಗೆ ಅದು ಕೈಗೆ ಸಿಗುತ್ತಲೇ ಇರಲಿಲ್ಲ. ತಂದೆ ಕೆಲಸಕ್ಕೆ ಹೋಗುವಾಗ ಫೋನೂ ಅವನ ಕಿಸೆಯಲ್ಲಿಯೇ ಹೋಗುತ್ತದೆ. ಮನೆಯಲ್ಲಿ ಅಣ್ಣನೂ ತಂಗಿಯೂ ಇದ್ದರೆ ಫೋನು ಯಾರ ಕೈಯಲ್ಲಿರುತ್ತದೆಂಬುದನ್ನು ನಾವು ಹೇಳಬೇಕಾಗಿಲ್ಲ. ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ, ಎರಡನೆಯ ಇಯತ್ತೆಯ ಪಾಠವನ್ನು ಓದಬಲ್ಲ ಮೂರನೆಯ ಇಯತ್ತೆಯ ಮಕ್ಕಳು 2018ರಲ್ಲಿ ನೂರಕ್ಕೆ ಹತ್ತೊಂಬತ್ತು ಮಂದಿ ಇದ್ದವರು 2021ರಲ್ಲಿ ಹತ್ತಕ್ಕೆ ಇಳಿದರು. ಉಚಿತ ಪಾಠಗಳ ಸುರಿಮಳೆಯಾದ ಆ ದಿನಗಳಲ್ಲಿಯೇ ಹೀಗಾಯಿತು.

ಆಗ ರಾಜ್ಯ ಸರಕಾರ ಏನು ಮಾಡಿತು? ಚಂದನ ವಾಹಿನಿಯಲ್ಲಿ ಪಾಠ ಬಿತ್ತರಿಸಿತು, ಒಳ್ಳೆಯದಾಯಿತು. ಅದರಿಂದ ಸಾಲದೆಂದು ಕಂಡು 2020ರ ಆಗಸ್ಟಿನಲ್ಲಿ 'ವಿದ್ಯಾಗಮ' ಯೋಜನೆಯನ್ನು ತಂದಿತು. ಶಿಕ್ಷಕರು ತಾವೇ ಊರಿನೊಳಗೆ ಹೋಗಿ, ಗುಡಿಯ ಕಟ್ಟೆಯಲ್ಲಿಯೂ ಮರದ ನೆರಳಿನಲ್ಲಿಯೂ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತೆಂಬುದು ಬೇರೆ ಮಾತು. ಆದರೆ ಯಂತ್ರದ ಎದುರು ಮಗುವನ್ನು ಒಂಟಿಯಾಗಿ ಬಿಟ್ಟರೆ ಸಾಲದು, ಮನುಷ್ಯನೇ ಮಗುವಿನ ಬಳಿಗೆ ನಡೆದು ಹೋಗಬೇಕು ಎಂಬುದನ್ನು ಸರಕಾರವೇ ಒಪ್ಪಿಕೊಂಡಂತಾಯಿತಲ್ಲವೆ?

'ಅದು ಅಂದಿನ ಕಥೆ, ಈಗ ಎಲ್ಲರ ಮನೆಯಲ್ಲಿಯೂ ಫೋನು ಉಂಟು' ಎನ್ನುವಿರಾ? ನಿಜವೇ. 2024ರ ಅಸರ್ ವರದಿಯಂತೆ ಹದಿನಾಲ್ಕರಿಂದ ಹದಿನಾರು ವರ್ಷದ ಗ್ರಾಮೀಣ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಯ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಅದನ್ನು ಬಳಸಬಲ್ಲ ಮಕ್ಕಳನ್ನು ಹಿಂದಿನ ವಾರದಲ್ಲಿ ಏನು ಮಾಡಿದಿರೆಂದು ಕೇಳಿದಾಗ, ಓದಿಗೆ ಸಂಬಂಧಿಸಿದ ಏನಾದರೊಂದು ಕೆಲಸಕ್ಕೆ ಬಳಸಿದೆವು ಎಂದವರು ನೂರಕ್ಕೆ 57. ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು 76. ಪೆಟ್ಟಿಗೆ ಮನೆಗೆ ಬಂದಿತು. ಅದರೊಂದಿಗೆ ಪಾಠವಲ್ಲದ್ದೂ ಬಂದಿತು. ಇದಕ್ಕೆ ಮಕ್ಕಳನ್ನು ಬೈಯುವುದು ನ್ಯಾಯವಲ್ಲ. ಜಾತ್ರೆಯ ನಡುವೆ ಪುಸ್ತಕದಂಗಡಿ ಇಟ್ಟು, ಮಗುವನ್ನು ಒಂಟಿಯಾಗಿ ಕಳುಹಿಸಿ, 'ನೇರವಾಗಿ ಪುಸ್ತಕದಂಗಡಿಗೇ ಹೋಗು' ಎಂದರೆ ಎಷ್ಟು ಮಕ್ಕಳು ಹೋದಾರು? ನಾವು ನೀವಾದರೂ ಹೋದೇವೆ?

ಇನ್ನು ನಮ್ಮ ತಪ್ಪನ್ನೇ ಹೇಳಿಕೊಳ್ಳುತ್ತೇವೆ. 2021ರಲ್ಲಿ ಭಕ್ತರೊಬ್ಬರು ಮಠಕ್ಕೆ ಇಪ್ಪತ್ತು ಟ್ಯಾಬುಗಳನ್ನು ಸಮರ್ಪಿಸಿದರು. ಅವುಗಳಲ್ಲಿ ಉಚಿತ ಪಾಠಗಳೆಲ್ಲ ತುಂಬಿದ್ದವು. ನಾವು ದಾನಿಗಳಿಗೆ ಶಾಲು ಹೊದಿಸಿದೆವು, ಛಾಯಾಚಿತ್ರ ತೆಗೆಯಿಸಿದೆವು, ಇದೇ ಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕಿಸಿದೆವು. ಮಕ್ಕಳಿಗೆ ಮನೆಗೆ ಒಯ್ಯಲು ಕೊಟ್ಟು, ನಮ್ಮ ಕರ್ತವ್ಯ ಮುಗಿಯಿತೆಂದು ನಿಶ್ಚಿಂತರಾದೆವು. ಮೂರು ತಿಂಗಳ ಮೇಲೆ ಆರನೆಯ ಇಯತ್ತೆಯ ಹುಡುಗಿಯೊಬ್ಬಳು ಟ್ಯಾಬನ್ನು ಹಿಂದಿರುಗಿಸಲು ಬಂದಳು. ಏನು ಕಲಿತೆ ತಾಯಿ ಎಂದು ಕೇಳಿದೆವು. ಭಿನ್ನರಾಶಿಯ ಪಾಠವನ್ನು ಹತ್ತಾರು ಸಾರಿ ನೋಡಿರುವುದಾಗಿ ಹೇಳಿದಳು. ಅರ್ಧಕ್ಕೆ ಕಾಲು ಕೂಡಿಸು ಎಂದೆವು. ಪಾಟಿಯ ಮೇಲೆ ಮೇಲಿನ ಒಂದಕ್ಕೆ ಒಂದನ್ನೂ ಕೆಳಗಿನ ಎರಡಕ್ಕೆ ನಾಲ್ಕನ್ನೂ ಕೂಡಿಸಿ, ಆರರಲ್ಲಿ ಎರಡು ಎಂದು ಬರೆದಳು. ಪಾಠದಲ್ಲಿ ಹಾಗೆ ಹೇಳಿದ್ದರೇ ಎಂದರೆ, 'ಛೇದ ಸಮ ಮಾಡ್ರಿ ಅಂತ ಹೇಳ್ತಾರ್ರೀ ಅಜ್ಜಾರ. ಛೇದ ಅಂದ್ರ ಏನಂತ ನನಗ ತಿಳೀಲಿಲ್ಲ. ಅವರು ಮಾತಾಡ್ತಾರ, ನಮ್ಮ ಮಾತು ಕೇಳೂದಿಲ್ಲ' ಎಂದಳು.

ಅಲ್ಲಿಯೇ ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯುವ ಹಿರಿಯ ತಾಯಿಯೊಬ್ಬರಿದ್ದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಒಂದು ರೊಟ್ಟಿಯನ್ನು ಅರ್ಧ ಮುರಿದು ಆಕೆಯ ಕೈಯಲ್ಲಿಟ್ಟರು. ಇನ್ನೊಂದು ರೊಟ್ಟಿಯ ಕಾಲು ಭಾಗವನ್ನು ಅದರ ಮೇಲಿಟ್ಟರು. ನಾವು ಕೇಳಿದೆವು: ಆರರಲ್ಲಿ ಎರಡೆಂದರೆ ಮೂರರಲ್ಲಿ ಒಂದು, ಅದು ಅರ್ಧಕ್ಕಿಂತ ಕಡಿಮೆ. ಇದ್ದ ಅರ್ಧಕ್ಕೆ ಕಾಲು ಸೇರಿದ ಮೇಲೆ ರೊಟ್ಟಿ ಕಡಿಮೆಯಾಯಿತೇನು? ಹುಡುಗಿ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ತಾನೇ ಅರ್ಧ ರೊಟ್ಟಿಯನ್ನು ಎರಡು ಕಾಲಾಗಿ ಮುರಿದು, ಮೂರು ಕಾಲು ಎಂದು ಎಣಿಸಿದಳು. ಛೇದ ಸಮ ಮಾಡುವುದೆಂದರೆ ಇಷ್ಟೇ. ತುಂಡುಗಳನ್ನು ಒಂದೇ ಅಳತೆಗೆ ತಂದು ಎಣಿಸುವುದು. ಟ್ಯಾಬಿನ ಪಾಠದಲ್ಲಿ ದೋಷವಿರಲಿಲ್ಲ. ಅದನ್ನು ಮಾಡಿದ ಶಿಕ್ಷಕರು ನಮಗಿಂತ ಚೆನ್ನಾಗಿಯೇ ವಿವರಿಸಿದ್ದರು. ಆದರೆ ಮಗು ಏನು ತಪ್ಪು ತಿಳಿದಿದೆ ಎಂಬುದು ಮಗುವಿನ ಉತ್ತರವನ್ನು ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಮೂರು ತಿಂಗಳು ಆ ಮಗುವಿನ ಉತ್ತರವನ್ನು ನೋಡಿದವರು ಯಾರೂ ಇರಲಿಲ್ಲ. ಆ ಇಪ್ಪತ್ತು ಟ್ಯಾಬುಗಳ ಪುಣ್ಯವನ್ನು ನಾವು ಛಾಯಾಚಿತ್ರದಲ್ಲಿಯೇ ಕಳೆದುಕೊಂಡೆವು.

ಕನ್ನಡಿಗರು ಮೊಬೈಲ್ ಫೋನಿಗೆ 'ಜಂಗಮವಾಣಿ' ಎಂದು ಹೆಸರಿಟ್ಟಿದ್ದಾರೆ. ಚಲಿಸುತ್ತದೆಂಬ ಅರ್ಥದಲ್ಲಿ ಹೆಸರು ಸರಿಯಾಗಿದೆ. ಆದರೆ ಜಂಗಮನು ಬಾಗಿಲಿಗೆ ಬಂದಾಗ ತಾನು ಹೇಳುವುದನ್ನು ಹೇಳಿ ಹೊರಟುಹೋಗುವುದಿಲ್ಲ. ಮನೆಯವರ ಯೋಗಕ್ಷೇಮ ಕೇಳುತ್ತಾನೆ, ಮಗುವನ್ನು ಹೆಸರು ಹಿಡಿದು ಕರೆಯುತ್ತಾನೆ, ಹೋದ ಸಾರಿ ಹೇಳಿದ್ದು ನೆನಪಿದೆಯೇ ಎಂದು ಪರೀಕ್ಷಿಸುತ್ತಾನೆ. ಈ ವಾಣಿಗೆ ಆ ಕಿವಿಯನ್ನು ಜೋಡಿಸುವ ಕೆಲಸ ಮನುಷ್ಯರದು.

ಇಲ್ಲಿ ಕೆಲವರು ಹೊಸ ಆಕ್ಷೇಪ ತೆಗೆಯುತ್ತಾರೆ. 2022ರ ಕೊನೆಯಿಂದ ಈಚೆಗೆ ಕೇಳಿದ ಪ್ರಶ್ನೆಗೆಲ್ಲ ಉತ್ತರಿಸುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ, ಅವೂ ಬಹುಮಟ್ಟಿಗೆ ಉಚಿತ, ಇನ್ನು ಕಿವಿಯ ಕೊರತೆ ಎಲ್ಲಿದೆ ಎನ್ನುತ್ತಾರೆ. ಅವು ಕೇಳಿದ್ದಕ್ಕೆ ಉತ್ತರಿಸುತ್ತವೆ. ಕೆಲವೊಮ್ಮೆ ತಪ್ಪನ್ನೂ ಧೈರ್ಯವಾಗಿ ಹೇಳುತ್ತವೆ. ಅದಿರಲಿ. ತನಗೆ ತಿಳಿದಿಲ್ಲವೆಂಬುದೇ ತಿಳಿಯದ ಮಗು ಏನನ್ನು ಕೇಳೀತು? ಆರರಲ್ಲಿ ಎರಡು ಎಂದು ನಂಬಿದವಳು ಪ್ರಶ್ನೆಯನ್ನೇ ಕೇಳುವುದಿಲ್ಲ. ಕೇಳುವುದನ್ನು ಕಲಿತ ಚುರುಕು ಮಕ್ಕಳಾದರೋ ಮನೆಗೆಲಸದ ಲೆಕ್ಕವನ್ನೆಲ್ಲ ಯಂತ್ರದಿಂದಲೇ ಬರೆಸಿ ತರುತ್ತಿದ್ದಾರೆ. ಪಕ್ಕದಲ್ಲಿ ಒಬ್ಬರು ಕುಳಿತಿದ್ದರೆ ಈ ಯಂತ್ರ ಉತ್ತಮ ಸಹಾಯಕ. ಯಾರೂ ಇಲ್ಲದಿದ್ದರೆ ಅದು ಮಗುವಿನ ಬದಲು ತಾನೇ ಕಲಿತಂತೆ ನಟಿಸುವ ಆಳು.

ಈಗ ಮತ್ತೊಂದು ಗುಂಪಿನ ಕಡೆಗೆ ತಿರುಗೋಣ. ಉಚಿತವಾಗಿ ಬಂದುದೆಲ್ಲ ಕೀಳು, ಹಣ ಕೊಟ್ಟು ತಂದುದೇ ಶ್ರೇಷ್ಠ ಎಂಬ ಮೌಢ್ಯ ನಮ್ಮ ಭಕ್ತರಲ್ಲಿ ಬಹಳ ಬೇರೂರಿದೆ. ಒಕ್ಕಲುತನದ ಗೃಹಸ್ಥರೊಬ್ಬರು ಮಗನಿಗಾಗಿ ಒಂದು ಕಂಪನಿಯ ಪಾಠಗಳನ್ನು ಕಂತಿನ ಸಾಲದ ಮೇಲೆ ಕೊಂಡರು. ಮನೆಗೆ ಬಂದ ಏಜಂಟನು ಇಂಗ್ಲಿಷಿನಲ್ಲಿದ್ದ ಕಾಗದಕ್ಕೆ ಸಹಿ ಹಾಕಿಸಿಕೊಂಡನು. ತಿಂಗಳು ತಿಂಗಳು ಬ್ಯಾಂಕಿನ ಖಾತೆಯಿಂದ ಹಣ ತಾನಾಗಿ ಹೋಗತೊಡಗಿತು. ಮಗ ಎರಡು ವಾರ ನೋಡಿ ಬಿಟ್ಟನು, ಕಂತು ಬಿಡಲಿಲ್ಲ. ಕೊನೆಗೆ ಹೆಂಡತಿಯ ಬೋರಮಾಳ ಒತ್ತೆ ಬಿದ್ದಿತು. ಅದೇ ಪಾಠಗಳು, ಅದೇ ಪಠ್ಯಕ್ರಮಕ್ಕೆ, ಕನ್ನಡದಲ್ಲಿಯೇ, ಆ ಹುಡುಗನ ಚೀಲದೊಳಗಿದ್ದ ಸರಕಾರಿ ಪುಸ್ತಕದ ಚೌಕದ ಹಿಂದೆ ಬಿಟ್ಟಿಯಾಗಿ ಬಿದ್ದಿದ್ದವು! ಇಂಥವು ಒಂದೆರಡಲ್ಲ. ಕೇಂದ್ರ ಶಿಕ್ಷಣ ಮಂತ್ರಾಲಯವೇ 2021ರ ಡಿಸೆಂಬರಿನಲ್ಲಿ ಪಾಲಕರಿಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿ, ಆರಂಭದಲ್ಲಿ ಉಚಿತವೆಂದು ಹೇಳಿ ಬರುವ ಕಂಪನಿಗಳ ಬಗ್ಗೆ ಜಾಗರೂಕರಾಗಿರಿ, ಖಾತೆಯಿಂದ ಹಣ ತಾನಾಗಿ ಕಡಿತವಾಗುವ ಏರ್ಪಾಡಿಗೆ ಒಪ್ಪಬೇಡಿರಿ, ತಿಳಿಯದ ಸಾಲಪತ್ರಕ್ಕೆ ಸಹಿ ಹಾಕಬೇಡಿರಿ ಎಂದು ತಿಳಿಸಬೇಕಾಯಿತು. ಅದು ಎಷ್ಟು ಪಾಲಕರನ್ನು ಮುಟ್ಟಿತು? ಮುಟ್ಟಿಸಬೇಕಾದವರು ಓದುಬಲ್ಲ ನೀವು. ನೀವು ಮುಟ್ಟಿಸಿದಿರೇನು?

ಹಾಗೆಂದು ಉಚಿತವಾದುದೆಲ್ಲ ನಿರ್ಮಲವೆಂದು ನಾವು ಹೇಳುವುದಿಲ್ಲ. ಉಚಿತವಾಗಿ ದೊರೆತ ಪ್ರತಿಯೊಂದಕ್ಕೂ ಎಲ್ಲಿಯೋ ಯಾರೋ ಬೆಲೆ ತೆತ್ತಿರುತ್ತಾರೆ. ವಿಜಯಪುರದ ಫ.ಗು. ಹಳಕಟ್ಟಿಯವರು ವಕೀಲಿಯ ಗಳಿಕೆಯನ್ನು ಬದಿಗಿಟ್ಟು ಊರೂರು ತಿರುಗಿ ತಾಳೆಗರಿಗಳನ್ನು ಸಂಗ್ರಹಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಇಂದು ವಚನಗಳು ಬೆರಳ ತುದಿಯಲ್ಲಿ ಉಚಿತವಾಗಿ ಸಿಗುತ್ತಿದ್ದರೆ ಅದರ ಬೆಲೆಯ ಮೊದಲ ಕಂತನ್ನು ಕಟ್ಟಿದವರು ಅವರು. ಇದು ಒಂದು ಬಗೆಯ ಉಚಿತ. ಇನ್ನೊಂದು ಬಗೆಯಲ್ಲಿ ಬೆಲೆ ತೆರುವುದು ಮಗುವೇ. ಜಾಹೀರಾತು ನೋಡಿ ತೆರುತ್ತದೆ. ತನ್ನ ಹೆಸರು, ಊರು, ಅಭಿರುಚಿಗಳ ವಿವರಗಳನ್ನು ತಿಳಿಯದೆಯೇ ಒಪ್ಪಿಸಿ ತೆರುತ್ತದೆ. 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ, ಕೊರೋನಾ ಕಾಲದಲ್ಲಿ 49 ದೇಶಗಳ ಸರಕಾರಗಳು ಅಂಗೀಕರಿಸಿದ್ದ ನೂರ ಅರವತ್ತಕ್ಕೂ ಮಿಕ್ಕಿದ ಕಲಿಕಾ ಸಾಧನಗಳನ್ನು ಪರೀಕ್ಷಿಸಿ, ಹತ್ತರಲ್ಲಿ ಸುಮಾರು ಒಂಬತ್ತು ಸಾಧನಗಳು ಮಕ್ಕಳ ಮಾಹಿತಿಯನ್ನು ಅವರ ಹಕ್ಕಿಗೆ ಅಪಾಯವಾಗುವಂತೆ ಬಳಸುತ್ತಿದ್ದವೆಂದು ವರದಿ ಮಾಡಿತು. ನಾವು ಮೇಲೆ ಹೊಗಳಿದ ದೀಕ್ಷಾ ಕೂಡ ಆ ವರದಿಯ ಆಕ್ಷೇಪಕ್ಕೆ ಗುರಿಯಾಗಿತ್ತು. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಮಾಹಿತಿ ರಕ್ಷಣೆಯ ಕಾಯಿದೆ, ಹದಿನೆಂಟು ತುಂಬದವರ ವಿವರ ಪಡೆಯಲು ಪಾಲಕರ ಒಪ್ಪಿಗೆ ಬೇಕೆಂದು ಹೇಳುತ್ತದೆ. ಒಳ್ಳೆಯ ಕಾಯಿದೆ. ಆದರೆ ಓದು ಬಾರದ ಪಾಲಕನ ಹೆಬ್ಬೆರಳು ಯಾವ ಗುಂಡಿಯನ್ನು ಒತ್ತುತ್ತಿದೆ ಎಂದು ಹೇಳಿಕೊಡುವವರು ಪಕ್ಕದಲ್ಲಿ ಇಲ್ಲದಿದ್ದರೆ ಆ ಒಪ್ಪಿಗೆಗೆ ಏನು ಅರ್ಥ?

ಮತ್ತೊಂದು ವಿವೇಚನೆಯೂ ಅಗತ್ಯ. 'ಉಚಿತ'ವೂ 'ಮುಕ್ತ'ವೂ ಒಂದೇ ಅಲ್ಲ. ಕಾಸಿಲ್ಲದೆ ನೋಡಲು ಮಾತ್ರ ಬಿಟ್ಟರೆ ಅದು ಉಚಿತ. ನಕಲು ಮಾಡಿಕೊಳ್ಳಿರಿ, ಅಚ್ಚು ಹಾಕಿರಿ, ನಿಮ್ಮ ಭಾಷೆಗೆ ತಿರುಗಿಸಿರಿ, ಇನ್ನೊಬ್ಬರಿಗೆ ಕೊಡಿರಿ ಎಂದರೆ ಅದು ಮುಕ್ತ. ಸ್ಟೋರಿವೀವರ್ ಕಥೆಗಳೂ ವಿಕಿಪೀಡಿಯದ ಲೇಖನಗಳೂ ಮುಕ್ತವಾದವು. ಇದರ ಪ್ರಯೋಜನ ದೊಡ್ಡದು. ಫೋನಿಲ್ಲದ ಮನೆಗೆ ಆ ಕಥೆಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಮುಟ್ಟಿಸಬಹುದು. ನಮ್ಮ ಮಠದ ಮುದ್ರಣಾಲಯಕ್ಕೆ ಇದು ಕಷ್ಟದ ಕೆಲಸವೇನಲ್ಲ. ಯಂತ್ರದಿಂದ ಇಳಿಸಿ, ಕಾಗದಕ್ಕೆ ಏರಿಸಿ, ಮಗುವಿನ ಕೈಗೆ ಇಡುವುದು ಕೂಡ ಅಂತರಜಾಲದ ಸದುಪಯೋಗವೇ.

ಇನ್ನು 'ಫೋನೇ ವಿಷ, ಮಕ್ಕಳ ಕೈಗೆ ಕೊಡಲೇಬಾರದೆಂದು ಮಠದಿಂದ ಆಜ್ಞೆಯಾಗಲಿ' ಎಂದು ಬರೆದಿರುವ ಹಿರಿಯರಿಗೂ ಒಂದು ಮಾತು. 2020ರ ಜೂನ್‌ನಲ್ಲಿ ರಾಜ್ಯ ಸರಕಾರ ಕಿರಿಯ ತರಗತಿಗಳ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಮುಂದಿನ ತಿಂಗಳೇ ಉಚ್ಚ ನ್ಯಾಯಾಲಯ ಆ ಆಜ್ಞೆಗೆ ತಡೆ ಕೊಟ್ಟಿತು. ನಿಷೇಧದಿಂದ ಮಗು ಕಲಿಯುವುದಿಲ್ಲ. ಫೋನು ಮರೆಯಾಗುವುದೂ ಇಲ್ಲ. ಪುಸ್ತಕವಿಲ್ಲದ ಹಳ್ಳಿಯ ಮನೆಗೆ ಒಂದು ಗ್ರಂಥಾಲಯವೇ ಬರಬಲ್ಲ ದಾರಿಯನ್ನು ಮುಚ್ಚುವುದು ವಿವೇಕವಲ್ಲ. ದಾರಿ ತೆರೆದಿರಲಿ, ಕೈ ಹಿಡಿದು ನಡೆಸುವವರಿರಲಿ.

ಹಾಗಾದರೆ ಏನು ಮಾಡತಕ್ಕದ್ದು? ಮೊದಲು ಪಾಲಕರಿಗೆ ಹೇಳುತ್ತೇವೆ. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ಮಗು ಪಾಠ ನೋಡುವಾಗ ಪಕ್ಕದಲ್ಲಿ ಕುಳಿತಿರಿ. ಕಾಳು ಹಸನು ಮಾಡುತ್ತಲೇ ಕುಳಿತಿರಿ. ಅರ್ಧ ಗಂಟೆಯ ಮೇಲೆ ಫೋನನ್ನು ಮಗ್ಗುಲಾಗಿ ಇರಿಸಿ, 'ಏನು ತಿಳಿಯಿತು, ನನಗೆ ಹೇಳು' ಎಂದು ಕೇಳಿರಿ. ಹೇಳಲು ಬಂದರೆ ಮಗು ಕಲಿತಿದೆ; ತಡವರಿಸಿದರೆ ಆ ಜಾಗವನ್ನು ಕಾಗದದಲ್ಲಿ ಗುರುತು ಹಾಕಿಸಿ, ಮಾರನೆಯ ದಿನ ಶಾಲೆಯ ಗುರುಗಳ ಬಳಿಗೋ ಮಠಕ್ಕೋ ಕಳುಹಿಸಿರಿ. ಒಂದು ವಾರಕ್ಕೆ ಒಂದೇ ತಾಣ, ಒಂದೇ ಪಾಠ ಸಾಕು. ಯಾವ ಕಾಗದಕ್ಕೂ ಯಾವ ಗುಂಡಿಗೂ ತಿಳಿಯದೆ ಒಪ್ಪಿಗೆ ಕೊಡಬೇಡಿರಿ. ಮಗಳಿಗೂ ಮಗನಷ್ಟೇ ಹೊತ್ತು ಫೋನು ಸಿಗಲಿ.

ಹಳೆಯ ವಿದ್ಯಾರ್ಥಿ ಬಂಧುಗಳೇ, ಉಳಿದ ಮಾತು ನಿಮಗೆ. ಖಾನ್ ಅಕಾಡೆಮಿಯ ಮೂಲ ನಿಮಗೆ ತಿಳಿದಿರಬಹುದು. ಸಲ್ಮಾನ್ ಖಾನ್ ಎಂಬವರು 2004ರಲ್ಲಿ ದೂರದ ಊರಿನಲ್ಲಿದ್ದ ತಮ್ಮ ಬಂಧುವಿನ ಮಗಳೊಬ್ಬಳಿಗೆ, ತಮ್ಮ ಕೆಲಸದ ಹೊತ್ತಿನ ಆಚೆಗೆ, ದೂರವಾಣಿಯಲ್ಲಿ ಗಣಿತ ಹೇಳಿಕೊಡಲು ತೊಡಗಿದರು. ದೃಶ್ಯಪಾಠಗಳು ಬಂದದ್ದು 2006ರಲ್ಲಿ, ಸಂಸ್ಥೆ ಹುಟ್ಟಿದ್ದು 2008ರಲ್ಲಿ. ಜಗತ್ತಿನ ಅತಿ ದೊಡ್ಡ ಉಚಿತ ಪಾಠಶಾಲೆಗಳಲ್ಲೊಂದು ಒಬ್ಬ ಮನುಷ್ಯ ಒಂದು ಮಗುವಿನ ತೊಡಕನ್ನು ಕೇಳಿಸಿಕೊಂಡುದರಿಂದ ಹುಟ್ಟಿತು. ನೀವು ಅದರ ಕೊನೆಯ ಫಲವನ್ನು ಮಾತ್ರ ನೋಡಿ, ಬೇರನ್ನು ಕಡಿಯಿರಿ ಎನ್ನುತ್ತಿದ್ದೀರಿ.

ನಿಮ್ಮ ಟ್ಯಾಬುಗಳನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಒಂದು ನಿಯಮ. ಟ್ಯಾಬು ಕೊಡುವವರು ಅದರೊಂದಿಗೆ ವಾರಕ್ಕೆ ಒಂದು ಗಂಟೆಯನ್ನೂ ಕೊಡಬೇಕು. ಸಮೀಪದಲ್ಲಿರುವವರು ಮಠಕ್ಕೆ ಬಂದು ಐದು ಮಕ್ಕಳ ನಡುವೆ ಕೂರಲಿ. ದೂರದಲ್ಲಿರುವವರು, ಕಡಲಾಚೆ ಇರುವವರು ಅದೇ ಜಂಗಮವಾಣಿಯಲ್ಲಿ ಮಕ್ಕಳ ಮುಖ ನೋಡಿ ಮಾತಾಡಲಿ, ಅವರ ಉತ್ತರವನ್ನು ಕೇಳಲಿ. ನಿಮ್ಮಲ್ಲಿ ಎಂಜಿನಿಯರರಿದ್ದಾರೆ, ವೈದ್ಯರಿದ್ದಾರೆ, ಅಧ್ಯಾಪಕರಿದ್ದಾರೆ. ಮೇಲಿನ ತರಗತಿಗಳ ವಿಜ್ಞಾನಕ್ಕೆ ಇಂಗ್ಲಿಷಿನಲ್ಲಿ ಇರುವಷ್ಟು ಸಾಮಗ್ರಿ ಕನ್ನಡದಲ್ಲಿ ಇಲ್ಲವೆಂದು ನೀವೇ ಮರುಗುತ್ತೀರಿ. ಮರುಗುವ ಬದಲು ವರ್ಷಕ್ಕೆ ಒಂದು ಪಾಠವನ್ನು, ಒಂದೇ ಒಂದು ವಿಕಿಪೀಡಿಯ ಲೇಖನವನ್ನು ನಮ್ಮ ಹುಡುಗಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಡಿರಿ. ಛೇದವೆಂದರೆ ಏನೆಂದು ಮೊದಲು ಹೇಳಿ ಮುಂದುವರಿಯಿರಿ. ನೀವು ಉಂಡ ಪ್ರಸಾದದ ಲೆಕ್ಕವನ್ನು ಮಠ ಎಂದೂ ಕೇಳಿಲ್ಲ, ಕೇಳುವುದೂ ಇಲ್ಲ. ಆದರೆ ನಿಮಗೆ ಬಡಿಸಿದವರು ನಿಮ್ಮ ಎದುರಿಗೆ ನಿಂತು ಬಡಿಸಿದ್ದರು ಎಂಬುದನ್ನು ನೀವು ಮರೆತರೆ ಜ್ಞಾಪಿಸುವುದು ನಮ್ಮ ಕರ್ತವ್ಯ.

ಸಂಜೆಯ ಪಾಠ ನಿಲ್ಲುವುದಿಲ್ಲ. ಅದೇ ಸಭಾಮಂಟಪದಲ್ಲಿ, ಸಂಜೆ ಆರೂವರೆಗೆ, ಹಿಂದಿರುಗಿ ಬಂದ ಟ್ಯಾಬುಗಳನ್ನೇ ಇಟ್ಟುಕೊಂಡು, ನಾಲ್ಕು ಮಕ್ಕಳಿಗೆ ಒಂದರಂತೆ ಈಗ ಪಾಠ ನಡೆಯುತ್ತಿದೆ. ಅರ್ಧ ಗಂಟೆ ಯಂತ್ರದ ಮಾತು. ಅರ್ಧ ಗಂಟೆ ಮಕ್ಕಳ ಮಾತು. ರೊಟ್ಟಿಯ ಹುಡುಗಿ ಕಳೆದ ವರ್ಷ ಹತ್ತನೆಯ ಇಯತ್ತೆಯನ್ನು ಮುಗಿಸಿ ಕಾಲೇಜು ಸೇರಿದಳು; ರವಿವಾರ ಬಂದು ಕಿರಿಯರಿಗೆ ಭಿನ್ನರಾಶಿ ಹೇಳಿಕೊಡುತ್ತಾಳೆ. ಅವಳ ಪಕ್ಕದಲ್ಲಿ ಇನ್ನೂ ಮೂರು ಚಾಪೆಗಳು ಖಾಲಿ ಇವೆ. ಅವು ನಿಮಗಾಗಿ ಹಾಸಿರುವ ಚಾಪೆಗಳು. ಮುಂದಿನ ಸಮಾವೇಶದಲ್ಲಿ ಚಪ್ಪಾಳೆ ತಟ್ಟುವ ಮೊದಲು ಒಂದು ಸಂಜೆ ಬಂದು ಅಲ್ಲಿ ಕುಳಿತು ನೋಡಿರಿ.